ಊನಗೊಂಡ ಕೈಗಳು ಮತ್ತೆ ಬಲಿಪೀಠಕ್ಕೆ: ಸಂತ ಐಸಾಕ್ ಜೋಗ್ಸ್

ಪುತ್ತೂರು, ಸುಳ್ಯ, ಕಡಬ ಸೀಮೆಯ ನಮ್ಮ ಕುಟುಂಬಗಳಲ್ಲಿ ಹೆಚ್ಚಿನವು ಕೈಯ ದುಡಿಮೆಯಿಂದಲೇ ಬಾಳು ಕಟ್ಟಿಕೊಂಡವು. ನಸುಕಿನಲ್ಲಿ ರಬ್ಬರು ಮರದ ತೊಗಟೆಯನ್ನು ಹದವರಿತು ಸೀಳುವುದು, ಅಡಿಕೆ ಸುಲಿಯುವುದು, ಹಟ್ಟಿಯಲ್ಲಿ ಹಾಲು ಕರೆಯುವುದು ಎಲ್ಲವೂ ಬೆರಳುಗಳ ಚಳಕವನ್ನು ಬೇಡುವ ಕೆಲಸಗಳು. ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲನು ಕೈಯನ್ನು ಉಳಿದೆಲ್ಲ ಉಪಕರಣಗಳನ್ನೂ ಬಳಸುವ ಉಪಕರಣವೆಂದು ಬಗೆದನು. ಅಂಥ ಕೈ ರಬ್ಬರು ಶೀಟು ಒತ್ತುವ ರೋಲರಿಗೋ ಮರದ ಮಿಲ್ಲಿನ ಗರಗಸಕ್ಕೋ ಸಿಕ್ಕಿ ಬೆರಳು ಹೋದಾಗ ಮನೆಮಂದಿಯೆಲ್ಲ ಕಂಗಾಲಾಗುತ್ತಾರೆ. ಗಾಯ ಮಾಗಿದ ಮೇಲೆ ಇನ್ನೊಂದು ಸಂಕಟ ಆರಂಭವಾಗುತ್ತದೆ. ಮೊದಲಿನ ಕೆಲಸಕ್ಕೆ ತಾನು ಇನ್ನು ಯೋಗ್ಯನೇ ಎಂಬ ಪ್ರಶ್ನೆ ಅದು. ಪರಮಪ್ರಸಾದ ಸ್ವೀಕರಿಸಲು ಬರುವಾಗಲೂ ಊನಗೊಂಡ ಕೈಯನ್ನು ಮರೆಮಾಡಿಕೊಳ್ಳುವವರನ್ನು ನಾನು ಕಂಡಿದ್ದೇನೆ.

ಕನ್ನಡನಾಡಿನಲ್ಲಿ ಈ ಕುರಿತು ಒಂದು ಐತಿಹ್ಯ ಪ್ರಚಲಿತವಾಗಿದೆ. ತನ್ನ ಬಲಗೈಯನ್ನು ತಾನೇ ಕಡಿದುಕೊಂಡ ಶಿಲ್ಪಿ ಜಕಣಾಚಾರಿಯು ತುಮಕೂರಿನ ಬಳಿಯ ಕ್ರೀಡಾಪುರದಲ್ಲಿ ದೇಗುಲವನ್ನು ಕಟ್ಟಿ ಮುಗಿಸಿದಾಗ ಆ ಕೈ ಮರಳಿ ಬಂದಿತೆಂದೂ, ಅಂದಿನಿಂದ ಆ ಊರು ಕೈದಾಳವೆನಿಸಿತೆಂದೂ ಜನರು ಹೇಳುತ್ತಾರೆ. ಐತಿಹ್ಯದಲ್ಲಿ ಕೈ ಮರಳಿ ಬಂದಿತು. ನಿತ್ಯಜೀವನದಲ್ಲಿ ಹೋದ ಬೆರಳು ಮರಳುವುದು ವಿರಳ. ಬೆರಳು ಮರಳದಿದ್ದರೂ ತಮ್ಮ ಕೆಲಸಕ್ಕೆ ಮರಳಿದ ಒಬ್ಬ ಯಾಜಕರನ್ನು ಧರ್ಮಸಭೆಯು ವರ್ಷಂಪ್ರತಿ ಅಕ್ಟೋಬರ್ 19ರಂದು ಸ್ಮರಿಸುತ್ತದೆ. ಅವರೇ ಸಂತ ಐಸಾಕ್ ಜೋಗ್ಸ್.

ಅವರು 1607ರ ಜನವರಿ 10ರಂದು ಫ್ರಾನ್ಸಿನ ಓರ್ಲಿಯನ್ಸ್ ನಗರದಲ್ಲಿ ಜನಿಸಿದರು. 1624ರಲ್ಲಿ ಯೇಸುಸಭೆಯನ್ನು ಸೇರಿ, 1636ರಲ್ಲಿ ಯಾಜಕದೀಕ್ಷೆ ಪಡೆದರು. ಅದೇ ವರ್ಷ ಹಡಗನ್ನೇರಿ ಇಂದಿನ ಕೆನಡಾ ದೇಶವನ್ನು ತಲಪಿದರು. ಅಲ್ಲಿನ ಹ್ಯೂರನ್ ಬುಡಕಟ್ಟಿನವರ ನಡುವೆ ಆರು ವರ್ಷ ಬಾಳಿ, ಅವರ ಭಾಷೆಯನ್ನು ಕಲಿತು ಸುವಾರ್ತಾಸೇವೆ ನಡೆಸಿದರು. 1642ರ ಬೇಸಿಗೆಯಲ್ಲಿ ಕ್ವಿಬೆಕ್ ಕಡೆಗೆ ಬಂದು, ಸೇವಾಕೇಂದ್ರಕ್ಕೆ ಬೇಕಾದ ಸಾಮಗ್ರಿಗಳೊಂದಿಗೆ ದೋಣಿಗಳಲ್ಲಿ ಹಿಂದಿರುಗುತ್ತಿದ್ದರು. ಆಗಸ್ಟ್ ತಿಂಗಳ ಆರಂಭದಲ್ಲಿ ಸೈಂಟ್ ಲಾರೆನ್ಸ್ ನದಿಯಲ್ಲಿ ಮೊಹಾಕ್ ಯೋಧರು ಅವರ ತಂಡದ ಮೇಲೆರಗಿದರು. ಫ್ರೆಂಚರಿಗೂ ಹ್ಯೂರನರಿಗೂ ಮೊಹಾಕರೊಂದಿಗೆ ಯುದ್ಧ ನಡೆಯುತ್ತಿದ್ದ ಕಾಲವದು. ಜೊಂಡುಹುಲ್ಲಿನ ಮರೆಯಲ್ಲಿದ್ದ ಜೋಗ್ಸರು ತಪ್ಪಿಸಿಕೊಳ್ಳಬಹುದಾಗಿತ್ತು. ಆದರೆ ಸಹಾಯಕರಾದ ರೆನೆ ಗೂಪಿಲ್ ಸೆರೆಸಿಕ್ಕಿದುದನ್ನು ಕಂಡು ಅವರು ತಾವಾಗಿಯೇ ಹೊರಬಂದು ಸೆರೆಯಾದರು.

ಅನಂತರದ ಹಿಂಸೆಯಲ್ಲಿ ಅವರ ಉಗುರುಗಳು ಕಿತ್ತುಹೋದವು. ತೋರುಬೆರಳುಗಳನ್ನು ಹಲ್ಲಿನಿಂದ ಕಚ್ಚಿ ಜಜ್ಜಲಾಯಿತು. ಎಡಗೈಯ ಹೆಬ್ಬೆರಳನ್ನು ಕತ್ತರಿಸಲಾಯಿತು. ಕತ್ತರಿಸಿದವಳು ಆಲ್ಗಾಂಕ್ವಿನ್ ಬುಡಕಟ್ಟಿನ ಒಬ್ಬ ಕ್ರೈಸ್ತ ಹೆಂಗಸು. ತಾನೂ ಸೆರೆಯಾಳಾಗಿದ್ದ ಆಕೆ ಬಲವಂತಕ್ಕೆ ಮಣಿದು ಆ ಕೃತ್ಯವನ್ನೆಸಗಬೇಕಾಯಿತು. ಬಲಗೈಯ ಹೆಬ್ಬೆರಳು ಉಳಿದುದಕ್ಕಾಗಿ ಜೋಗ್ಸರು ದೇವರಿಗೆ ಕೃತಜ್ಞತೆ ಸಲ್ಲಿಸಿದರು. ಅದೊಂದು ಇದ್ದರೆ ಪತ್ರ ಬರೆಯಬಹುದಲ್ಲವೇ! ಸೆಪ್ಟೆಂಬರ್ 29ರಂದು ಗೂಪಿಲರು ಹತರಾದರು. ಒಂದು ಮಗುವಿನ ಮೇಲೆ ಶಿಲುಬೆಯ ಗುರುತು ಹಾಕಿದ್ದೇ ಅವರ ಅಪರಾಧವಾಗಿತ್ತು. ಒಂಟಿಯಾದ ಜೋಗ್ಸರು ಒಸ್ಸರ್ನೆನಾನ್ ಎಂಬ ಹಳ್ಳಿಯಲ್ಲಿ ಗುಲಾಮರಾಗಿ ಒಂದು ವರ್ಷಕ್ಕೂ ಮಿಕ್ಕಿ ಕಳೆದರು. ಆ ಅವಧಿಯಲ್ಲಿಯೂ ಮರಗಳ ಮೇಲೆ ಶಿಲುಬೆಯನ್ನು ಕೆತ್ತಿ ಪ್ರಾರ್ಥಿಸಿದರು. ಸಾಯುವ ಸ್ಥಿತಿಯಲ್ಲಿದ್ದ ಮಕ್ಕಳಿಗೆ ಜ್ಞಾನಸ್ನಾನ ನೀಡಿದರು. ನೀರೆರೆಯಲು ಮುರಿದ ಕೈಯೂ ಸಾಕಾಗಿತ್ತು.

1643ರಲ್ಲಿ, ಇಂದಿನ ಆಲ್ಬನಿ ನಗರವಿರುವಲ್ಲಿ ನೆಲೆಸಿದ್ದ ಡಚ್ಚರು ಅವರನ್ನು ಪಾರುಮಾಡಿದರು. ಆ ಡಚ್ಚರು ಪ್ರೊಟೆಸ್ಟೆಂಟರು. ಕಥೋಲಿಕ ಯಾಜಕನೊಬ್ಬನ ಪ್ರಾಣವುಳಿಸಲು ಅವರ ಪಾಲಕ ಮೆಗಾಪೊಲೆನ್ಸಿಸ್ ಅವರೂ ನೆರವಾದುದು ಸ್ಮರಣೀಯ. ಕ್ರಿಸ್ತಜಯಂತಿಯ ದಿನವೇ ಜೋಗ್ಸರು ಫ್ರಾನ್ಸಿನ ಬ್ರಿಟನಿ ತೀರದಲ್ಲಿ ಕಾಲಿಟ್ಟರು. 1644ರ ಜನವರಿ 5ರಂದು ರೆನ್ ನಗರದ ಯೇಸುಸಭೆಯ ಕಾಲೇಜಿನ ಬಾಗಿಲು ತಟ್ಟಿದಾಗ ಅಲ್ಲಿನ ಮುಖ್ಯಸ್ಥರಿಗೆ ಅವರ ಗುರುತಾಗಲಿಲ್ಲ. ಕೆನಡಾದಿಂದ ಬಂದವನೆಂದು ತಿಳಿದು, ಫಾದರ್ ಜೋಗ್ಸ್ ಬದುಕಿದ್ದಾರೆಯೇ ಎಂದು ಅವರನ್ನೇ ವಿಚಾರಿಸಿದರು. ತಾನೇ ಆ ವ್ಯಕ್ತಿಯೆಂದು ಅವರು ತಿಳಿಸಬೇಕಾಯಿತು.

ಸ್ವದೇಶದಲ್ಲಿ ಅವರಿಗೆ ಅಪಾರ ಗೌರವ ದೊರೆಯಿತು. ರಾಜಮಾತೆ ಆ್ಯನ್ ಸ್ವತಃ ಆ ಕೈಗಳನ್ನು ಚುಂಬಿಸಿದರು. ಇಂಥ ಗೌರವದಿಂದ ಜೋಗ್ಸರಿಗೆ ಸಂಕೋಚವೇ ಉಂಟಾಯಿತು. ಅವರಿಗೆ ಬೇಕಾಗಿದ್ದುದು ಬಲಿಪೂಜೆ ಅರ್ಪಿಸುವ ಅವಕಾಶ. ಆದರೆ ಅದು ಅವರ ಪಾಲಿಗೆ ಮುಚ್ಚಿಹೋಗಿತ್ತು. ಅಂದಿನ ಪೂಜಾವಿಧಿಯ ಪ್ರಕಾರ ಯಾಜಕನು ಪವಿತ್ರ ರೊಟ್ಟಿಯನ್ನು ಹೆಬ್ಬೆರಳು ಮತ್ತು ತೋರುಬೆರಳುಗಳಿಂದಲೇ ಹಿಡಿಯಬೇಕಾಗಿತ್ತು. ಆ ಬೆರಳುಗಳು ಊನಗೊಂಡವನು ಧರ್ಮಸಭೆಯ ಕಾನೂನಿನಂತೆ ಬಲಿಪೂಜೆಗೆ ಅನರ್ಹನಾಗುತ್ತಿದ್ದನು. ಪರಮಪ್ರಸಾದದ ಮೇಲಣ ಭಕ್ತಿಯಿಂದ ಹುಟ್ಟಿದ ನಿಯಮವದು. ಆದರೂ ಯಾರು ಸೇವೆಯಲ್ಲಿಯೇ ಕೈಗಳನ್ನು ಕಳೆದುಕೊಂಡರೋ ಅವರನ್ನೇ ಅದು ಬಲಿಪೀಠದಿಂದ ದೂರವಿರಿಸಿತು. ಸೆರೆಯಾದಂದಿನಿಂದ ಸುಮಾರು ಒಂದೂವರೆ ವರ್ಷ ಅವರು ಪೂಜೆ ಅರ್ಪಿಸಿರಲಿಲ್ಲ.

ಅವರ ಪರವಾಗಿ ರೋಮಿಗೆ ಮನವಿ ಹೋಯಿತು. ಪೋಪ್ 8ನೆಯ ಅರ್ಬನ್ ಅವರು ನಿಯಮದಿಂದ ವಿನಾಯಿತಿ ನೀಡಿದರು. ಉಳಿದ ಬೆರಳುಗಳಿಂದಲೇ ರೊಟ್ಟಿಯನ್ನು ಹಿಡಿದು ಜೋಗ್ಸರು ಮತ್ತೆ ಬಲಿಪೂಜೆ ಅರ್ಪಿಸಿದರು. ಇಲ್ಲಿ ಎರಡು ಸಂಗತಿಗಳು ಜೊತೆಗೂಡಿದುದನ್ನು ನಾವು ಗಮನಿಸಬೇಕು. ಕೆಲಸಕ್ಕೆ ಮರಳುವ ಮನಸ್ಸು ಜೋಗ್ಸರದಾಗಿತ್ತು. ಆದರೆ ಆ ಮನಸ್ಸು ಮಾತ್ರದಿಂದ ಅವರು ಮರಳಲಾಗುತ್ತಿರಲಿಲ್ಲ. ಅವರಿಗಾಗಿ ನಿಯಮವನ್ನು ಸಡಿಲಿಸುವ ಕೆಲಸವನ್ನು ಧರ್ಮಸಭೆ ಮಾಡಬೇಕಾಯಿತು. ಮುಂದೆ 1983ರ ಧರ್ಮಸಭಾ ಕಾನೂನು ಸಂಹಿತೆಯು ಯಾಜಕತ್ವಕ್ಕೆ ಇರುವ ಅಡ್ಡಿಗಳ ಪಟ್ಟಿಯಿಂದ ದೇಹದ ಊನವನ್ನೇ ತೆಗೆದುಹಾಕಿತು.

ಅವರು ಫ್ರಾನ್ಸಿನಲ್ಲಿಯೇ ನೆಮ್ಮದಿಯಿಂದಿರಬಹುದಾಗಿತ್ತು. ಆದರೆ 1644ರಲ್ಲಿಯೇ ಕೆನಡಾಕ್ಕೆ ಹಿಂದಿರುಗಿ, ಇಂದಿನ ಮಾಂಟ್ರಿಯಲ್‌ನಲ್ಲಿ ಸೇವೆಗೆ ತೊಡಗಿದರು. 1646ರಲ್ಲಿ ಶಾಂತಿಸಂಧಾನಕ್ಕಾಗಿ ಮೊಹಾಕರಲ್ಲಿಗೆ ರಾಯಭಾರಿಯಾಗಿ ಹೋಗುವಂತೆ ಅವರಿಗೆ ಸೂಚನೆ ಬಂದಿತು. ಭಾಷೆಯನ್ನೂ ಜನರನ್ನೂ ಅವರು ಬಲ್ಲವರಾಗಿದ್ದರು. ಆ ಆಜ್ಞೆಯನ್ನು ಕಂಡು ಮೊದಲು ತಮ್ಮ ದೇಹ ನಡುಗಿತೆಂದು ಅವರು ಮರೆಮಾಚದೆ ಒಪ್ಪಿಕೊಂಡರು. ಭಯವಿಲ್ಲದವನು ಮಾತ್ರ ಮರಳಬಲ್ಲನೆಂದು ತಿಳಿಯುವುದು ತಪ್ಪು; ಅವರು ಆ ಭಯವನ್ನು ಜೊತೆಯಲ್ಲಿಟ್ಟುಕೊಂಡೇ ಹೊರಟರು.

ಆ ಸಂಧಾನ ಸಫಲವಾಯಿತು. ಮತ್ತೆ ಬರುವ ಉದ್ದೇಶದಿಂದ ಅವರು ಒಂದು ಪೆಟ್ಟಿಗೆಯನ್ನು ಅಲ್ಲಿ ಬಿಟ್ಟು ಬಂದರು. ಅನಂತರ ಆ ಊರಿನಲ್ಲಿ ರೋಗ ಹರಡಿತು, ಬೆಳೆ ಕೆಟ್ಟಿತು. ಯೂರೋಪಿನವರಿಂದ ಬಂದ ಹೊಸ ರೋಗಗಳು ಆ ಜನರನ್ನು ಅದಾಗಲೇ ಬಹುವಾಗಿ ಬಲಿತೆಗೆದುಕೊಂಡಿದ್ದವು. ಪೆಟ್ಟಿಗೆಯೇ ಕೇಡಿಗೆ ಕಾರಣವೆಂದು ಅವರಲ್ಲಿ ಕೆಲವರು ನಂಬಿದರು. ಶರತ್ಕಾಲದಲ್ಲಿ ಜಾನ್ ದ ಲಾಲಾಂದ್ ಎಂಬ ಯುವಕನೊಂದಿಗೆ ಮರಳಿದ ಜೋಗ್ಸರು ಅಕ್ಟೋಬರ್ 18ರಂದು ಕೊಡಲಿಯೇಟಿಗೆ ಬಲಿಯಾದರು. ಲಾಲಾಂದರೂ ಹತರಾದರು. 1930ರ ಜೂನ್ 29ರಂದು ಪೋಪ್ 11ನೆಯ ಪಿಯುಸ್ ಅವರು ಈ ಇಬ್ಬರನ್ನೂ ಗೂಪಿಲರನ್ನೂ ಇತರ ಐವರೊಂದಿಗೆ ಸಂತರೆಂದು ಘೋಷಿಸಿದರು. ಜೋಗ್ಸರು ಹತರಾಗಿ ಹತ್ತು ವರ್ಷಗಳ ಬಳಿಕ, ಅದೇ ಮೊಹಾಕ್ ಜನರ ನಡುವೆ ಕಟೇರಿ ಟೆಕಕ್ವಿತಾ ಜನಿಸಿದರು. 2012ರಲ್ಲಿ ಅವರೂ ಸಂತರೆಂದು ಘೋಷಿತರಾದರು.

ಪ್ರಿಯ ಕ್ರೈಸ್ತ ಬಾಂಧವರೇ, ನಮ್ಮ ಧರ್ಮಕೇಂದ್ರಗಳಲ್ಲಿಯೂ ಕೈಗೆ ಏಟು ತಗುಲಿ ಮನೆಯಲ್ಲಿ ಕುಳಿತವರಿದ್ದಾರೆ. ಅವರಿಗೆ ಕನಿಕರದ ಮಾತುಗಳು ಬೇಕಾದಷ್ಟು ದೊರೆಯುತ್ತವೆ. ಹಿಡಿ ಬದಲಾಯಿಸಿದ ಒಂದು ಕತ್ತಿ, ನಿಧಾನವಾಗಿ ಮಾಡಿದರೂ ಸಹಿಸಿಕೊಳ್ಳುವ ಧಣಿ, ತಪ್ಪದೆ ವ್ಯಾಯಾಮ ಮಾಡಿಸುವ ಮನೆಯವರು ದೊರೆಯುವುದು ಕಷ್ಟ. ಅರ್ಬನ್ ಪೋಪರು ನೀಡಿದ ವಿನಾಯಿತಿಯನ್ನು ನಮ್ಮ ತೋಟ, ಅಂಗಡಿ, ಕಾರ್ಖಾನೆಗಳಲ್ಲಿ ನಾವೂ ನೀಡಬಹುದು. ಸಂತೆಯಲ್ಲಾಗಲಿ ಇಗರ್ಜಿಯಲ್ಲಾಗಲಿ ಅವರ ಕೈಯನ್ನು ದಿಟ್ಟಿಸದೆ, ಮೊದಲಿನಂತೆ ಹೆಸರು ಹಿಡಿದು ಮಾತನಾಡಿಸೋಣ. ಮುಂದಿನ ಭಾನುವಾರ ಅಂಥವರೊಬ್ಬರು ಪರಮಪ್ರಸಾದಕ್ಕಾಗಿ ಕೈಚಾಚಿದರೆ, ಉಳಿದಿರುವ ಬೆರಳುಗಳೇ ಕ್ರಿಸ್ತನಿಗೆ ಸಾಕಾದ ಸಿಂಹಾಸನವೆಂದು ಅವರು ತಿಳಿಯಲಿ.