ಹೊನ್ನಮ್ಮ ಒಂದೇ ಪದ್ಯದ ಕವಿಯಲ್ಲ

ಮಾರ್ಚ್ 8 ಬಂತೆಂದರೆ ಸಂಚಿ ಹೊನ್ನಮ್ಮನ ಒಂದು ಪದ್ಯ ವಾಟ್ಸಾಪಿನಲ್ಲಿ ಓಡಾಡಲು ಶುರುವಾಗುತ್ತದೆ. ಹೆಣ್ಣನ್ನು ಹಗುರವಾಗಿ ಕಾಣುವವರನ್ನು ತರಾಟೆಗೆ ತೆಗೆದುಕೊಳ್ಳುವ ನಾಲ್ಕು ಸಾಲಿನ ಪದ್ಯ ಅದು. ಭಾಷಣ ಮಾಡುವವರು ಅದರಿಂದಲೇ ಆರಂಭಿಸುತ್ತಾರೆ, ಮಕ್ಕಳು ಅದನ್ನೇ ಬಾಯಿಪಾಠ ಮಾಡುತ್ತಾರೆ. ಆದರೆ ಅದು ಯಾವ ಪುಸ್ತಕದ್ದು ಅಂತ ಕೇಳಿದರೆ ಹೇಳುವವರು ಕಮ್ಮಿ. ಹೇಳಬಲ್ಲವರಿಗೂ ಸ್ವಲ್ಪ ಮುಜುಗರ. ಯಾಕಂದ್ರೆ ಪುಸ್ತಕದ ಹೆಸರು ‘ಹದಿಬದೆಯ ಧರ್ಮ’. ಪತಿವ್ರತೆ ಅನ್ನುವ ಸಂಸ್ಕೃತದ ಮಾತು ಕನ್ನಡದ ಬಾಯಲ್ಲಿ ಸವೆದು ಹದಿಬದೆ ಆಗಿದೆ. ಹೆಂಡತಿಯಾದವಳು ಹೇಗೆ ನಡೆದುಕೊಳ್ಳಬೇಕು, ಗಂಡನನ್ನು ಹೇಗೆ ದೈವ ಅಂತ ಕಾಣಬೇಕು ಎಂದು ಹೇಳಿಕೊಡುವ ಕಾವ್ಯ ಅದು. ಇಂಥ ಪುಸ್ತಕದ ಒಳಗೆ ಅಂಥ ಪದ್ಯ ಹೇಗೆ ಬಂತು? ಬಿಡಿ ಪದ್ಯವನ್ನು ಕಿತ್ತುಕೊಂಡು ಹೋಗುವವರು ಈ ಪ್ರಶ್ನೆಯನ್ನು ಅಲ್ಲೇ ಬಿಟ್ಟು ಹೋಗುತ್ತಾರೆ.

ಹೊನ್ನಮ್ಮ ಯಳಂದೂರಿನವಳು. ಮೈಸೂರನ್ನು 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರ ರಾಣಿ ದೇವಾಜಮ್ಮಣ್ಣಿಯೂ ಯಳಂದೂರಿನವಳೇ. ಆ ರಾಣಿಯ ಬಳಿ ಹೊನ್ನಮ್ಮನಿಗೆ ಸಂಚಿಯ ಊಳಿಗ. ಅಂದರೆ ಎಲೆ ಅಡಿಕೆ ಚೀಲ ಹಿಡಿದುಕೊಂಡು ಕೇಳಿದಾಗ ಮಡಿಸಿಕೊಡುವ ಕೆಲಸ. ಕೆಲಸ ಚಿಕ್ಕದು ಅನ್ನಿಸಬಹುದು. ಆದರೆ ಎಲೆ ಕೊಡುವವಳು ಸದಾ ಕೈಗೆಟಕುವ ದೂರದಲ್ಲಿರಬೇಕು, ಅರಮನೆಯ ಎಲ್ಲ ಮಾತೂ ಅವಳ ಕಿವಿಗೆ ಬಿದ್ದೇ ಬೀಳುತ್ತದೆ. ಆ ಅರಮನೆಯೋ ಕವಿಗಳಿಂದ ತುಂಬಿದ್ದು. ಮಂತ್ರಿ ತಿರುಮಲಾರ್ಯ ಕವಿ, ಚಿಕುಪಾಧ್ಯಾಯ ಕವಿ. ತಿರುಮಲಾರ್ಯನ ತಮ್ಮ ಸಿಂಗರಾರ್ಯ ಬರೆದ ‘ಮಿತ್ರವಿಂದಾ ಗೋವಿಂದ’ ನಮಗೆ ಸಿಕ್ಕಿರುವ ಕನ್ನಡ ನಾಟಕಗಳಲ್ಲಿ ಅತಿ ಹಳೆಯದು. ಅಳಸಿಂಗರಾರ್ಯ ಅಂತಲೂ ಕರೆಸಿಕೊಳ್ಳುವ ಈ ಸಿಂಗರಾರ್ಯನೇ ಹೊನ್ನಮ್ಮನಿಗೆ ಗುರು. ಶಿಷ್ಯೆಯ ಪ್ರತಿಭೆಯನ್ನು ಬಾಯ್ತುಂಬ ಹೊಗಳಿದವನು. ರಾಣಿಯ ಒತ್ತಾಸೆ, ರಾಜನ ಅಪ್ಪಣೆ ಎರಡೂ ಸೇರಿ ಈ ಕಾವ್ಯ ಹುಟ್ಟಿತು. ವಿಷಯವನ್ನು ಅರಮನೆ ಕೊಟ್ಟಿತ್ತು. ಹೇಗೆ ಹೇಳಬೇಕು ಅನ್ನುವುದು ಮಾತ್ರ ಅವಳ ಕೈಯಲ್ಲಿತ್ತು.

ಅವಳು ಹಿಡಿದದ್ದು ಸಾಂಗತ್ಯ. ಅದೇ ಯಳಂದೂರಿನ ಮಠದಲ್ಲಿ ಅದೇ ಶತಮಾನದಲ್ಲಿ ಷಡಕ್ಷರಿ ‘ರಾಜಶೇಖರ ವಿಳಾಸ’ ಬರೆದ. ಅದು ಚಂಪೂ ಕಾವ್ಯ: ಸಂಸ್ಕೃತದ ವೃತ್ತಗಳು, ಉದ್ದುದ್ದ ಸಮಾಸಗಳು, ನಡುನಡುವೆ ಗದ್ಯ. ಓದಿ ಅರ್ಥ ಹೇಳಲು ಪಂಡಿತನೇ ಬೇಕು. ಸಾಂಗತ್ಯ ಹಾಗಲ್ಲ. ನಾಲ್ಕೇ ಸಾಲು. ಮೊದಲ ಮತ್ತು ಮೂರನೆಯ ಸಾಲಿಗೆ ನಾಲ್ಕು ನಾಲ್ಕು ವಿಷ್ಣುಗಣ. ಎರಡು ಮತ್ತು ನಾಲ್ಕನೆಯ ಸಾಲಿಗೆ ಎರಡು ವಿಷ್ಣುಗಣ, ಕೊನೆಗೆ ಪುಟ್ಟದೊಂದು ಬ್ರಹ್ಮಗಣ. ಉದ್ದ, ಗಿಡ್ಡ, ಉದ್ದ, ಗಿಡ್ಡ ಅಂತ ಸಾಗುತ್ತದೆ. ಇವು ಅಂಶಗಣಗಳು, ಬೀಸುಕಲ್ಲಿನ ತ್ರಿಪದಿಯ ವಂಶದವು. ಅಕ್ಷರ ಲೆಕ್ಕಕ್ಕಿಂತ ಹಾಡುವ ಉಸಿರು ಇಲ್ಲಿ ಮುಖ್ಯ, ಗಾಯಕ ಎಳೆದರೆ ಗಣ ಹಿಗ್ಗುತ್ತದೆ. ರತ್ನಾಕರವರ್ಣಿ 16ನೇ ಶತಮಾನದಲ್ಲೇ ‘ಭರತೇಶ ವೈಭವ’ವನ್ನು ಈ ಮಟ್ಟಿನಲ್ಲಿ ಹಾಡಿ ಗೆದ್ದಿದ್ದ. ಚಿಕ್ಕದೇವರಾಜನ ಆಸ್ಥಾನವೂ ಹಾಡುಗಳಿಗೆ ಕಿವಿಗೊಟ್ಟಿತ್ತು, ‘ಗೀತಗೋಪಾಲ’ ಅಲ್ಲಿಯದೇ. ಆದ್ದರಿಂದ ಹೊನ್ನಮ್ಮ ಸಾಂಗತ್ಯ ಆರಿಸಿಕೊಂಡಿದ್ದು ವಿದ್ಯೆ ಸಾಲದೆ ಅಂತ ನಾನು ಒಪ್ಪುವುದಿಲ್ಲ. ಸಾಂಗತ್ಯವನ್ನು ಆರಿಸಿಕೊಂಡಾಗಲೇ ಆಕೆ ಕೇಳುಗರನ್ನೂ ಆರಿಸಿಕೊಂಡಿದ್ದಳು. ಓದು ಬಾರದ ಹೆಂಗಸರೂ ಒಮ್ಮೆ ಕೇಳಿದರೆ ಅದನ್ನು ನೆನಪಿಟ್ಟುಕೊಳ್ಳಬಲ್ಲರು.

ಈಗ ಆ ಪದ್ಯಕ್ಕೆ ಬನ್ನಿ. ಹೊನ್ನಮ್ಮ ಅಲ್ಲಿ ಏನನ್ನೂ ಸಾರುವುದಿಲ್ಲ, ಕೇಳುತ್ತಾಳೆ. ಮೊದಲು ಉದ್ದ ಸಾಲಿನ ಒಂದು ಪ್ರಶ್ನೆ, ಗಿಡ್ಡ ಸಾಲಿನಲ್ಲಿ ಅದೇ ಪದದಿಂದ ಮತ್ತೊಂದು. ಎರಡಕ್ಕೂ ಉತ್ತರ ಕೇಳುಗನಿಗೇ ಗೊತ್ತು, ಮನಸ್ಸಿನಲ್ಲೇ ಹೌದು ಅಂದುಬಿಡುತ್ತಾನೆ. ಹೌದು ಅಂದವನನ್ನು ಮೂರನೆಯ ಸಾಲಿನ ಪ್ರಶ್ನೆ ಮೂಲೆಗೆ ತಳ್ಳುತ್ತದೆ. ಕೊನೆಯ ಗಿಡ್ಡ ಸಾಲಿನಲ್ಲಿ ಪ್ರಶ್ನೆಯೇ ಇಲ್ಲ, ಬೈಗುಳ ಮಾತ್ರ. ಸಾಲು ಚಿಕ್ಕದಾದ್ದರಿಂದ ಪೆಟ್ಟು ಜೋರು. ಆದಿಪ್ರಾಸದ ನಿಯಮ ನೋಡಿ: ಪ್ರತಿ ಸಾಲಿನ ಎರಡನೆಯ ಅಕ್ಷರದ ವ್ಯಂಜನ ಒಂದೇ ಇರಬೇಕು. ಹೆಣ್ಣಿನಿಂದ ಹೊರಟ ಪದ್ಯ ಅದೇ ಒತ್ತಕ್ಷರ ಹುಡುಕುತ್ತಾ ಕಣ್ಣಿಗೆ ಬಂದು ಮುಟ್ಟುತ್ತದೆ, ಕುರುಡರು ಯಾರು ಅನ್ನುವುದು ಅಲ್ಲಿ ಗೊತ್ತಾಗುತ್ತದೆ. ಛಂದಸ್ಸಿನ ಕಟ್ಟು ಆಕೆಯ ವಾದಕ್ಕೆ ಕೆಲಸ ಮಾಡಿಕೊಟ್ಟಿದೆ. ಇನ್ನೊಂದು ಪದ್ಯದಲ್ಲಿ ಗಂಡುಮಗು ಹುಟ್ಟಿದರೆ ಹೆಚ್ಚೇನು, ಹೆಣ್ಣಾದರೆ ಕಡಿಮೆಯೇನು ಅನ್ನುವ ವಿಚಾರ ಎತ್ತುತ್ತಾಳೆ. ಅಲ್ಲಿ ಕುವರ, ಕುವರಿ ಎರಡನ್ನೂ ತಕ್ಕಡಿಯಲ್ಲಿಟ್ಟ ಹಾಗೆ ಇಡುತ್ತಾಳೆ. ಎರಡು ಪದಕ್ಕೂ ವ್ಯತ್ಯಾಸ ಒಂದು ಗುಡಿಸು, ಅಷ್ಟೇ.

ಇದನ್ನೆಲ್ಲ ನಾನು ಕಲಿಸಿದ್ದು ಯಳಂದೂರಿನಿಂದ ನೂರು ಕಿಲೋಮೀಟರಿಗೂ ದೂರದ ಗೋಪಿನಾಥಂನಲ್ಲಿ. ಮಾದಪ್ಪನ ಬೆಟ್ಟ ದಾಟಿ, ಹೊಗೇನಕಲ್ ಕಡೆಗಿರುವ ಗಡಿ ಊರು. ಹೊರಗಿನವರಿಗೆ ಅದು ವೀರಪ್ಪನ್ ಹುಟ್ಟಿದ ಊರು, ಅಷ್ಟಕ್ಕೇ ಮಾತು ಮುಗೀತು. (ಊರಿಗೂ ಹೊನ್ನಮ್ಮನ ಗತಿಯೇ, ಒಂದೇ ಗುರುತು.) ಅಲ್ಲಿ ಹೆಚ್ಚಿನ ಮನೆಗಳಲ್ಲಿ ತಮಿಳು. ಹಳಗನ್ನಡದ ಛಾಯೆಯ ಪದ್ಯ ಈ ಮಕ್ಕಳಿಗೆ ಕಬ್ಬಿಣದ ಕಡಲೆ ಅಂತ ಎಲ್ಲರ ಲೆಕ್ಕ. ಆದರೆ ‘ಪೆಣ್’ ಅಂದ ಕೂಡಲೇ ಇಡೀ ಕ್ಲಾಸು ನಕ್ಕಿತು. ಅದು ಅವರ ಮನೆಯ ಮಾತೇ! ಪೇಟೆಯ ಕನ್ನಡದ ಮಕ್ಕಳಿಗೆ ಪಕಾರ ಹಕಾರವಾದ ಕಥೆಯನ್ನು ಬೋರ್ಡ್ ಮೇಲೆ ಬರೆದು ವಿವರಿಸಬೇಕು. ಇವರಿಗೆ ಬೇಡ. ಹಾಡಿನ ವಿಷಯವೂ ಹಾಗೇ. ಪರೀಕ್ಷೆಗೆಂದು ಲಘು ಗುರು ಗುರುತು ಹಾಕಿಸಿದಾಗ ಅರ್ಧ ಕ್ಲಾಸು ಎಡವುತ್ತಿತ್ತು. ಕಂಸಾಳೆ ಪದದ ಹಾಗೆ ಎಳೆದು ಹೇಳಿಸಿದಾಗ ಗಣ ಎಲ್ಲಿ ಒಡೆಯುತ್ತದೆ ಅಂತ ಅವರೇ ಚಪ್ಪಾಳೆ ತಟ್ಟಿ ತೋರಿಸಿದರು. ನಮ್ಮ ಪಾಠಪುಸ್ತಕಗಳು ಅಂಶಗಣವನ್ನು ಕಿವಿಯಿಂದ ಕಿತ್ತು ಎರಡು ಅಂಕದ ಪ್ರಶ್ನೆ ಮಾಡಿಟ್ಟಿವೆ ಅನ್ನುವ ಸಿಟ್ಟು ನನಗೆ ಇನ್ನೂ ಹೋಗಿಲ್ಲ.

ಮನೆಯಲ್ಲಿ ಆಗಲೇ ಮದುವೆ ಮಾತು ಎದ್ದಿದ್ದ ಒಬ್ಬ ಹುಡುಗಿ, ಇಷ್ಟು ಚೆನ್ನಾಗಿ ಕೇಳಬಲ್ಲವಳು ಮಿಕ್ಕ ಪುಸ್ತಕದಲ್ಲಿ ಯಾಕೆ ಅಷ್ಟು ತಗ್ಗಿ ನಡೆದಳು ಅಂತ ಕೇಳಿದ್ದಳು. ಜೊತೆಗೆ ಸಂಕಮ್ಮನ ಹೆಸರು ತೆಗೆದಳು. ಮಲೆ ಮಾದೇಶ್ವರನ ಕಾವ್ಯ ಕೇಳಿದವರಿಗೆ ಸಂಕಮ್ಮ ಗೊತ್ತು. ಕಾಡಿಗೆ ಹೊರಟ ಗಂಡ ನೀಲೇಗೌಡ ಶೀಲಕ್ಕೆ ಭಾಷೆ ಕೊಡು ಅನ್ನುತ್ತಾನೆ. ಅವಳು ಕೊಡುವುದಿಲ್ಲ. ಹಿಂಸೆಗೆಲ್ಲ ಮೈಯೊಡ್ಡುತ್ತಾಳೆ, ಭಾಷೆ ಮಾತ್ರ ಇಲ್ಲ. ಕೊನೆಗೆ ಮಾದಪ್ಪನೇ ಬರಬೇಕಾಯಿತು.

ಆ ಹುಡುಗಿಯ ಪ್ರಶ್ನೆ ಸರಿಯಾಗಿಯೇ ಇತ್ತು. ಹೊನ್ನಮ್ಮನನ್ನು ಇಂದಿನ ಸ್ತ್ರೀವಾದಿ ಮಾಡಿ ಕೂರಿಸುವುದು ನನಗೆ ಒಪ್ಪಿಗೆಯಿಲ್ಲ. ಗಂಡನ ಸೇವೆಯ ಮಾತುಗಳನ್ನು ಆಕೆ ನಂಬಿಯೇ ಬರೆದಿದ್ದಾಳೆ ಅನ್ನಿಸುತ್ತದೆ, ಅದು ಬರೀ ಮುಖವಾಡ ಅಲ್ಲ. ಆದರೆ ಆ ಮಾತುಗಳನ್ನಷ್ಟೇ ನೋಡಿ ಪುಸ್ತಕ ಮುಚ್ಚಿಡುವ ವಿಮರ್ಶಕರನ್ನೂ ಒಪ್ಪಲಾರೆ. ಸಂಕಮ್ಮನ ಹಿಂದೆ ಕಂಸಾಳೆಯ ಮೇಳವಿದೆ, ಊರೂರಿನ ಬಾಯಿ ಇದೆ, ಹಾಡಿದವರ ಹೆಸರು ಯಾರಿಗೂ ಬೇಕಿಲ್ಲ. ಹೊನ್ನಮ್ಮ ತನ್ನ ಹೆಸರಿಟ್ಟು, ರಾಜನ ಅಪ್ಪಣೆಯ ಕಾವ್ಯದಲ್ಲಿ, ರಾಣಿಯ ಮುಂದೆ ಹಾಡಬೇಕಿತ್ತು. ಹೆಣ್ಣಿನ ಕರ್ತವ್ಯಗಳ ಪಟ್ಟಿ ನಡೆದಿರುವಾಗಲೇ ತಿರುಗಿ ನಿಂತು ಕೇಳುಗರ ಲೆಕ್ಕ ಕೇಳಿದಳು. ಉಪದೇಶದ ಅದೇ ಮಟ್ಟು, ಅದೇ ರಾಗ. ಹಾಡು ತಡೆಯಲು ಯಾರಿಗೂ ಪುರುಸೊತ್ತು ಸಿಗುವುದಿಲ್ಲ, ನಾಲ್ಕು ಸಾಲು ಮುಗಿದೇ ಹೋಗಿರುತ್ತದೆ. ಭಿತ್ತಿಪತ್ರದ ಮೇಲೆ ಒಂಟಿಯಾಗಿ ನಿಂತಾಗ ಆ ಪದ್ಯಕ್ಕೆ ಈ ಎದೆಗಾರಿಕೆ ಇರುವುದಿಲ್ಲ.

ಚಿಕ್ಕದೇವರಾಜನ ಮೊಮ್ಮಗ ದೊಡ್ಡ ಕೃಷ್ಣರಾಜ ಒಡೆಯರ ಕಾಲಕ್ಕೆ ಅರಮನೆಯಲ್ಲಿ ಮತ್ತೊಬ್ಬ ಹೆಣ್ಣು ಕಾವ್ಯ ಬರೆದಳು. ಆಕೆ ಸಂಚಿ ಹಿಡಿದವಳಲ್ಲ, ರಾಣಿ ಚೆಲುವಾಂಬೆ. ಕಾವ್ಯದ ಹೆಸರು ‘ವರನಂದಿ ಕಲ್ಯಾಣ’. ಬರೆದದ್ದು ಸಾಂಗತ್ಯದಲ್ಲೇ.