ತಲೆಯಿಂದ ಬಾಲಕ್ಕೆ ಐದು ಹೆಜ್ಜೆ

ಪ್ಲೇಸ್‌ಮೆಂಟ್‌ಗೆ ಅಂತ ಕೋಡಿಂಗ್ ಅಭ್ಯಾಸ ಮಾಡಿದವರಿಗೆ ವರ್ಡ್ ಲ್ಯಾಡರ್ ಪ್ರಾಬ್ಲಂ ಹೊಸದೇನಲ್ಲ. ಒಂದೇ ಉದ್ದದ ಎರಡು ಇಂಗ್ಲಿಷ್ ಪದ ಕೊಟ್ಟಿರ್ತಾರೆ. ಸಲಕ್ಕೆ ಒಂದೇ ಅಕ್ಷರ ಬದಲಾಯಿಸ್ತಾ ಮೊದಲನೆಯದರಿಂದ ಎರಡನೆಯದಕ್ಕೆ ಹೋಗಬೇಕು. ನಡುವೆ ಬರೋದೆಲ್ಲ ನಿಜವಾದ ಪದವೇ ಆಗಿರಬೇಕು, ಹೆಜ್ಜೆ ಆದಷ್ಟು ಕಮ್ಮಿ ಇರಬೇಕು. ನಾವು ಬಿಎಫ್‌ಎಸ್ ಹಾಕಿ, ಟೆಸ್ಟ್ ಕೇಸ್ ಪಾಸ್ ಮಾಡಿಸಿ ಮುಂದಕ್ಕೆ ಹೋಗ್ತೀವಿ. ಈ ಆಟ ಕಟ್ಟಿದವನು ಕಂಪ್ಯೂಟರ್ ಹುಟ್ಟೋಕೆ ಎಷ್ಟೋ ಮುಂಚೆ ಬದುಕಿದ್ದ ಒಬ್ಬ ಗಣಿತದ ಮೇಷ್ಟ್ರು. ಹೆಸರು ಚಾರ್ಲ್ಸ್ ಲಟ್‌ವಿಜ್ ಡಾಡ್ಜ್‌ಸನ್. ಲೋಕಕ್ಕೆ ಗೊತ್ತಿರೋದು ಲೂಯಿಸ್ ಕ್ಯಾರೊಲ್ ಅಂತ, ಆಲಿಸ್ ಕಥೆ ಬರೆದವನು.

ಡಾಡ್ಜ್‌ಸನ್ ಹುಟ್ಟಿದ್ದು 1832ರ ಜನವರಿ 27ರಂದು, ಇಂಗ್ಲೆಂಡಿನ ಚೆಷೈರ್ ಸೀಮೆಯ ಡೇರ್ಸ್‌ಬರಿ ಅನ್ನೋ ಹಳ್ಳಿಯಲ್ಲಿ. ತಂದೆ ಪಾದ್ರಿ. ಹನ್ನೊಂದು ಮಕ್ಕಳಲ್ಲಿ ಈತ ಮೂರನೆಯವನು, ಗಂಡುಮಕ್ಕಳಲ್ಲಿ ಹಿರಿಯ. ಮನೆಮಂದಿಗೋಸ್ಕರ ಕೈಬರಹದ ಪತ್ರಿಕೆಗಳನ್ನ ಮಾಡ್ತಿದ್ದ ಹುಡುಗ. ಒಂದು ಕಿವಿ ಸರಿಯಾಗಿ ಕೇಳ್ತಿರಲಿಲ್ಲ, ಮಾತಾಡುವಾಗ ತೊದಲು. ಆ ತೊದಲು ಕೊನೇವರೆಗೂ ಬಿಡಲಿಲ್ಲ. 1861ರಲ್ಲಿ ಡೀಕನ್ ದೀಕ್ಷೆ ತಗೊಂಡರೂ ಪೂರ್ಣ ಪಾದ್ರಿಯಾಗಲೇ ಇಲ್ಲ. ಅದಕ್ಕೆ ತೊದಲೂ ಒಂದು ಕಾರಣ ಅನ್ನೋರಿದ್ದಾರೆ.

ಬಾಯಲ್ಲಿ ಹೀಗೆ ತಡೆಯುತ್ತಿದ್ದ ಅಕ್ಷರಗಳು ಕಾಗದದ ಮೇಲೆ ಮಾತ್ರ ಈತ ಹೇಳಿದ ಹಾಗೆ ಕೇಳ್ತಿದ್ದವು. ಕಾವ್ಯನಾಮದ ಕಥೆಯನ್ನೇ ನೋಡಿ. 1856ರಲ್ಲಿ ಪತ್ರಿಕೆಯೊಂದರ ಸಂಪಾದಕರಿಗೆ ಆಯ್ಕೆಗೆ ಅಂತ ಕೆಲವು ಹೆಸರು ಕಳಿಸಿದ. ಅದರಲ್ಲೊಂದು ಎಡ್ಗರ್ ಕತ್‌ವೆಲ್ಲಿಸ್. ಚಾರ್ಲ್ಸ್ ಲಟ್‌ವಿಜ್ ಅನ್ನೋದರ ಇಂಗ್ಲಿಷ್ ಕಾಗುಣಿತದಲ್ಲಿರೋ ಹದಿನೈದು ಅಕ್ಷರಗಳನ್ನೇ ಕಲೆಸಿ ಜೋಡಿಸಿದ ಹೆಸರದು, ಒಂದೂ ಹೆಚ್ಚಿಲ್ಲ, ಒಂದೂ ಕಮ್ಮಿಯಿಲ್ಲ. ಸಂಪಾದಕರು ಆರಿಸಿದ್ದು ಬೇರೆಯದನ್ನ. ಎರಡು ಹೆಸರನ್ನೂ ಲ್ಯಾಟಿನ್‌ಗೆ ತಿರುಗಿಸಿ, ಹಿಂದುಮುಂದು ಮಾಡಿ, ಮತ್ತೆ ಇಂಗ್ಲಿಷ್‌ಗೆ ತಂದಾಗ ಸಿಕ್ಕಿದ್ದು ಲೂಯಿಸ್ ಕ್ಯಾರೊಲ್. ನನಗಂತೂ ಸಂಪಾದಕರು ಸರಿಯಾದದ್ದನ್ನೇ ಆರಿಸಿದರು ಅನ್ಸುತ್ತೆ.

ಆಕ್ಸ್‌ಫರ್ಡ್‌ನ ಕ್ರೈಸ್ಟ್ ಚರ್ಚ್ ಕಾಲೇಜಿಗೆ 1851ರಲ್ಲಿ ಸೇರಿದವನು ಸಾಯೋವರೆಗೂ ಅದರ ನಂಟು ಬಿಡಲಿಲ್ಲ. 1855ರಿಂದ 1881ರವರೆಗೆ ಗಣಿತದ ಅಧ್ಯಾಪಕ. 1862ರ ಜುಲೈ 4ರ ದೋಣಿವಿಹಾರ, ಕಾಲೇಜಿನ ಡೀನ್ ಮಗಳು ಆಲಿಸ್ ಲಿಡೆಲ್‌ಗೆ ಹೇಳಿದ ಕಥೆ, 1865ರಲ್ಲಿ ಬಂದ ಪುಸ್ತಕ, ಇದೆಲ್ಲ ನೀವು ಕೇಳಿರ್ತೀರಿ. ನಾವು ಕೇಳಿರದ ಸಂಗತಿ ಅಂದ್ರೆ, ಮರುವರ್ಷ, 1866ರಲ್ಲಿ, ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಡಿಟರ್ಮಿನೆಂಟ್ ಲೆಕ್ಕ ಹಾಕೋ ಹೊಸ ವಿಧಾನವನ್ನ ಇದೇ ಮನುಷ್ಯ ಪ್ರಕಟಿಸಿದ್ದು. ದೊಡ್ಡ ಮ್ಯಾಟ್ರಿಕ್ಸ್‌ನಲ್ಲಿ ಅಕ್ಕಪಕ್ಕದ ನಾಲ್ಕು ನಾಲ್ಕು ಸಂಖ್ಯೆ ಹಿಡಿದು ಪುಟ್ಟ ಡಿಟರ್ಮಿನೆಂಟ್‌ಗಳನ್ನ ಬಿಡಿಸ್ತಾ ಹೋದರೆ ಒಂದು ಸಾಲು, ಒಂದು ಕಂಬ ಕಮ್ಮಿಯಾದ ಮ್ಯಾಟ್ರಿಕ್ಸ್ ಸಿಗುತ್ತೆ. ಮತ್ತೆ ಹಾಗೇ ಮಾಡಿ, ಈ ಸಲ ಅದಕ್ಕೂ ಹಿಂದಿನ ಮ್ಯಾಟ್ರಿಕ್ಸ್‌ನ ಒಳಗಿನ ಸಂಖ್ಯೆಗಳಿಂದ ಭಾಗಿಸಬೇಕು. ಕೊನೆಗೆ ಉಳಿಯೋ ಒಂದೇ ಸಂಖ್ಯೆ ಉತ್ತರ. ಒಳಗಡೆ ಸೊನ್ನೆ ಬಂತೋ, ಕೆಟ್ಟಿತು. ಸಾಲು ಅದಲುಬದಲು ಮಾಡಿ ಮತ್ತೆ ಶುರು ಮಾಡಬೇಕು. ಎಂ-1 ಪೇಪರ್‌ನಲ್ಲಿ ಈ ದಾರಿ ಹಿಡಿದರೆ ಮಾರ್ಕ್ಸ್ ಕೊಡ್ತಾರೋ ಇಲ್ವೋ, ಅದಕ್ಕೆ ನಾನು ಜವಾಬ್ದಾರನಲ್ಲ.

ಅಕ್ಕಪಕ್ಕದ್ದನ್ನ ಮಾತ್ರ ಮುಟ್ಟಿ ದೂರ ತಲುಪೋದು, ಈತನ ಗಣಿತದಲ್ಲೂ ಆಟದಲ್ಲೂ ಕಾಣೋ ಚಾಳಿ ಇದೇ ಅನ್ನೋದು ನನ್ನ ಲೆಕ್ಕ. ಚುನಾವಣೆ ಬಗ್ಗೆ 1876ರಲ್ಲಿ ಬರೆದ ಕಿರುಹೊತ್ತಗೆಯಿಂದ ಬಂದದ್ದು ಇವತ್ತು ಡಾಡ್ಜ್‌ಸನ್ ವಿಧಾನ ಅಂತ ಕರೆಯೋ ಮತ ಎಣಿಕೆ. ಮಿಕ್ಕ ಎಲ್ಲರನ್ನೂ ಒಬ್ಬೊಬ್ಬರಾಗಿ ಸೋಲಿಸೋ ಅಭ್ಯರ್ಥಿ ಸಿಗದಿದ್ದರೆ, ಮತದಾರರ ಪಟ್ಟಿಗಳಲ್ಲಿ ಅಕ್ಕಪಕ್ಕದ ಹೆಸರುಗಳನ್ನ ಎಷ್ಟು ಕಮ್ಮಿ ಸಲ ಅದಲುಬದಲು ಮಾಡಿದರೆ ಯಾರು ಹಾಗೆ ಗೆಲ್ತಾರೆ ಅಂತ ನೋಡೋದು. ಕೇಳೋಕೆ ಸುಲಭ. ಆದರೆ ಇದು ಎನ್‌ಪಿ-ಹಾರ್ಡ್ ಅಂತ 1989ರಲ್ಲಿ ತೋರಿಸಿದರು.

ಇದಾದ ಮರುವರ್ಷವೇ ಪದಗಳ ಆಟ. 1877ರ ಕ್ರಿಸ್‌ಮಸ್ ದಿನ ಮಾಡೋಕೆ ಏನೂ ಕೆಲಸವಿಲ್ಲದೆ ಕೂತಿದ್ದ ಇಬ್ಬರು ಹುಡುಗಿಯರಿಗೆ ಅಂತ ಕಟ್ಟಿದ್ದು. 1879ರ ಮಾರ್ಚ್‌ನಲ್ಲಿ ಅದು ವ್ಯಾನಿಟಿ ಫೇರ್ ಪತ್ರಿಕೆಯಲ್ಲಿ ಡಬ್ಲೆಟ್ಸ್ ಅನ್ನೋ ಹೆಸರಲ್ಲಿ ಬಂತು. ಹೆಡ್ ಅನ್ನು ಟೇಲ್ ಮಾಡಬೇಕು. ಎಚ್-ಇ-ಎ-ಡಿ, ಎಚ್-ಇ-ಎ-ಎಲ್, ಟಿ-ಇ-ಎ-ಎಲ್, ಟಿ-ಇ-ಎಲ್-ಎಲ್, ಟಿ-ಎ-ಎಲ್-ಎಲ್, ಟಿ-ಎ-ಐ-ಎಲ್. ಐದೇ ಹೆಜ್ಜೆ. ಡಾರ್ವಿನ್ ಚರ್ಚೆ ಬಿಸಿಯಾಗಿದ್ದ ಕಾಲ ಅಲ್ವಾ, ಏಪ್‌ನಿಂದ ಮ್ಯಾನ್ ತಲುಪಿಸೋ ಒಗಟೂ ಇತ್ತು. ಅದಕ್ಕೆ ಆರು ಹೆಜ್ಜೆಯ ದಾರಿ ಕೊಟ್ಟ. ಅದೇ ವರ್ಷ ಪುಸ್ತಕ ಮಾಡಿದಾಗ ಬಳಸಬಹುದಾದ ಪದಗಳ ಪಟ್ಟಿಯನ್ನೂ ಜೊತೆಗೆ ಸೇರಿಸಿದ. ನಮ್ಮ ಕೋಡ್‌ಗೆ ಇನ್‌ಪುಟ್ ಆಗಿ ಬರೋ ವರ್ಡ್ ಲಿಸ್ಟ್ ಇದೆಯಲ್ಲ, ಅದರ ಮುತ್ತಜ್ಜ ಇದು.

(ಕನ್ನಡದಲ್ಲಿ ಕಾಡು ನಾಡಾಗೋಕೆ ಒಂದೇ ಹೆಜ್ಜೆ ಸಾಕು. ಮನ ಮನೆಯಾಗೋದನ್ನ ಒಂದು ಹೆಜ್ಜೆ ಅಂತ ಒಪ್ಪಬೇಕಾ, ಗುಣಿತ ಬದಲಾದರೆ ಅಕ್ಷರ ಬದಲಾದ ಹಾಗಾ? ಕ್ಲಬ್ಬಲ್ಲಿ ಜಗಳ ಮಾಡಬಹುದು.)

ಎಷ್ಟೋ ಕಾಲದ ಮೇಲೆ ಡೊನಾಲ್ಡ್ ಕ್ನೂತ್ ಐದಕ್ಷರದ 5757 ಇಂಗ್ಲಿಷ್ ಪದಗಳನ್ನ ಗ್ರಾಫ್ ಮಾಡಿ ನೋಡಿದರು. ಅದರಲ್ಲಿ 671 ಪದಗಳಿಗೆ ಒಂದೇ ಒಂದು ನೆರೆಯೂ ಇಲ್ಲ. ಅಂಥವಕ್ಕೆ ಕ್ನೂತ್ ಇಟ್ಟ ಹೆಸರು ಅಲೂಫ್, ಅಂದ್ರೆ ಯಾರ ಜೊತೆಗೂ ಸೇರದೆ ದೂರ ನಿಂತವು. ಆ ಪದವೂ ಆ 671ರಲ್ಲಿ ಒಂದು.

ಡಾಡ್ಜ್‌ಸನ್ ಅಲ್ಲಿಗೇ ನಿಲ್ಲಲಿಲ್ಲ. 1881ರಲ್ಲಿ ಮಿಶ್‌ಮ್ಯಾಶ್ ಅನ್ನೋ ಆಟ ಬಂತು. ಒಬ್ಬರು ಕೆಲವು ಅಕ್ಷರ ಕೊಡಬೇಕು, ಅವು ಅದೇ ಕ್ರಮದಲ್ಲಿ ಒಟ್ಟಿಗೆ ಬರೋ ಪದವನ್ನ ಇನ್ನೊಬ್ಬರು ಹುಡುಕಬೇಕು. ಜಿ-ಪಿ ಅಂದರೆ ಮ್ಯಾಗ್‌ಪೈ. ಐ-ಎಂ-ಎಸ್-ಇ ಅಂದರೆ? ಹಿಮ್‌ಸೆಲ್ಫ್.

ಈ ಮನುಷ್ಯನ ಬದುಕಲ್ಲಿ ಹೀಗೆ ಕೂಡಿಬರದ ಭಾಗವೂ ಇದೆ. ಒಳ್ಳೆ ಛಾಯಾಗ್ರಾಹಕನಾಗಿದ್ದ ಈತ ತೆಗೆದ ಪುಟ್ಟ ಹುಡುಗಿಯರ ಚಿತ್ರಗಳಲ್ಲಿ ಕೆಲವು ಬಟ್ಟೆಯಿಲ್ಲದವು. ತಾಯ್ತಂದೆಯರ ಒಪ್ಪಿಗೆ ಪಡೀತಿದ್ದ, ನಿಜ. ಆದರೂ ಇವತ್ತು ಅದನ್ನ ಕಸಿವಿಸಿಯಿಲ್ಲದೆ ನೋಡೋಕಾಗಲ್ಲ. 1863ರಲ್ಲಿ ಲಿಡೆಲ್ ಮನೆಯವರ ಜೊತೆಗಿನ ಒಡನಾಟ ಇದ್ದಕ್ಕಿದ್ದಂತೆ ಕಡಿದುಬಿತ್ತು. ಆ ದಿನಗಳ ಡೈರಿಯ ಒಂದು ಹಾಳೆಯನ್ನ ಯಾರೋ ಕತ್ತರಿಸಿದ್ದಾರೆ. ಹದಿಮೂರು ಡೈರಿಗಳಲ್ಲಿ ನಾಲ್ಕು ಸಿಕ್ಕೇ ಇಲ್ಲ. ಆಟ ಚೆನ್ನಾಗಿದೆ ಅಂತ ಇದನ್ನ ಬದಿಗಿಡೋದು ಸರಿಯಲ್ಲ, ಊಹೆಯಿಂದ ತೀರ್ಪು ಬರೆಯೋದೂ ಸರಿಯಲ್ಲ.

1868ರಲ್ಲಿ ತಂದೆ ತೀರಿಕೊಂಡ ಮೇಲೆ ಮದುವೆಯಾಗದ ತಂಗಿ-ಅಕ್ಕಂದಿರಿಗೆ ಗಿಲ್ಫರ್ಡ್‌ನಲ್ಲಿ ಮನೆ ಹುಡುಕಿ ಕೊಟ್ಟಿದ್ದ. ತಾನು ಮದುವೆಯಾಗಲಿಲ್ಲ. 1861ರಿಂದ ಬಂದ, ಹೋದ ಪತ್ರಗಳನ್ನೆಲ್ಲ ಲೆಡ್ಜರ್‌ನಲ್ಲಿ ನಂಬರ್ ಹಾಕಿ ಬರೆದಿಡ್ತಿದ್ದ. ಕೊನೆಯ ನಂಬರ್ 98,721. 1898ರ ಜನವರಿ 14ರಂದು ಆ ಗಿಲ್ಫರ್ಡ್ ಮನೆಯಲ್ಲೇ ನ್ಯುಮೋನಿಯಾದಿಂದ ತೀರಿಕೊಂಡ, 66 ತುಂಬೋಕೆ ಎರಡು ವಾರವೂ ಇರಲಿಲ್ಲ. ಆಗ ತರ್ಕಶಾಸ್ತ್ರದ ಪುಸ್ತಕದ ಎರಡನೇ ಭಾಗ ಕೈಯಲ್ಲಿತ್ತು. ಅದರ ಕಳೆದುಹೋಗಿದ್ದ ಪ್ರೂಫ್ ಹಾಳೆಗಳು ಸಿಕ್ಕಿ ಅಚ್ಚಾಗಿದ್ದು 1977ರಲ್ಲಿ.