ನಗರವೇ ಹೊತ್ತಿ ಉರಿಯುವಾಗ ಒಣಗಿದ ಗಿಡಗಳನ್ನು ಕಾಪಾಡಿದ ಅಲಿಸ್ ಈಸ್ಟ್‌ವುಡ್

1906ರ ಏಪ್ರಿಲ್ 18. ಬೆಳಗಿನ ಜಾವ 5 ಗಂಟೆ ದಾಟಿತ್ತಷ್ಟೇ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರ ಭೂಕಂಪಕ್ಕೆ ತತ್ತರಿಸಿತು. ಬೆನ್ನಲ್ಲೇ ಹಲವೆಡೆ ಬೆಂಕಿ ಹೊತ್ತಿಕೊಂಡಿತು. ಜನ ಗಂಟುಮೂಟೆ ಹಿಡಿದು ಓಡುತ್ತಿದ್ದರೆ, 47 ವರ್ಷದ ಅಲಿಸ್ ಈಸ್ಟ್‌ವುಡ್ ಮಾರ್ಕೆಟ್ ಸ್ಟ್ರೀಟ್‌ನಲ್ಲಿದ್ದ ಕ್ಯಾಲಿಫೋರ್ನಿಯಾ ವಿಜ್ಞಾನ ಅಕಾಡೆಮಿಯತ್ತ ಧಾವಿಸಿದರು. ಅವರು ಉಳಿಸಲು ಹೊರಟಿದ್ದು ಕಾಗದಕ್ಕೆ ಅಂಟಿಸಿದ ಒಣಗಿಡಗಳನ್ನು!

ಶಾಲಾ ಶಿಕ್ಷಕಿಯಿಂದ ಸಸ್ಯವಿಜ್ಞಾನಿಯವರೆಗೆ

ಅಲಿಸ್ ಹುಟ್ಟಿದ್ದು 1859ರಲ್ಲಿ, ಕೆನಡಾದ ಟೊರಾಂಟೊದಲ್ಲಿ. ಆರನೇ ವಯಸ್ಸಿನಲ್ಲೇ ತಾಯಿಯನ್ನು ಕಳೆದುಕೊಂಡರು. ಮುಂದೆ ಅಮೆರಿಕದ ಡೆನ್ವರ್‌ನಲ್ಲಿ ಪ್ರೌಢಶಾಲೆ ಮುಗಿಸಿ, ಅಲ್ಲೇ ಶಿಕ್ಷಕಿಯಾದರು. ಕಾಲೇಜು ಮೆಟ್ಟಿಲು ಹತ್ತಲಿಲ್ಲ. ಸಸ್ಯಶಾಸ್ತ್ರವನ್ನು ಪುಸ್ತಕ ಓದಿ, ರಾಕಿ ಪರ್ವತಗಳನ್ನು ಸುತ್ತಿ ತಾವೇ ಕಲಿತರು. 1887ರಲ್ಲಿ ಪ್ರಸಿದ್ಧ ವಿಜ್ಞಾನಿ ಆಲ್‌ಫ್ರೆಡ್ ರಸಲ್ ವಾಲೇಸ್ ಬಂದಾಗ, 14 ಸಾವಿರ ಅಡಿಗೂ ಎತ್ತರದ ಗ್ರೇಸ್ ಪೀಕ್‌ಗೆ ದಾರಿ ತೋರಿಸಿದ್ದು ಇದೇ ಶಿಕ್ಷಕಿ. 1892ರಲ್ಲಿ ಅವರು ಅಕಾಡೆಮಿಯ ಸಸ್ಯ ಸಂಗ್ರಹಾಲಯ ಸೇರಿದರು.

ಒಣಗಿಡಕ್ಕೇಕೆ ಇಷ್ಟು ಬೆಲೆ?

ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ಬೆಟ್ಟಗಳ ಮೇಲೆ ಹಿಮ ಕರಗಿದ ನೀರು ನಿಲ್ಲುವ ಹುಲ್ಲುಗಾವಲುಗಳಿವೆ. ಅಲ್ಲಿ ಜೇಕಿನ ಕುಟುಂಬಕ್ಕೆ ಸೇರಿದ ಸ್ಪೈಕ್‌ರಶ್ ಎಂಬ ಪುಟ್ಟ ಸಸ್ಯ ಬೆಳೆಯುತ್ತದೆ. ನೋಡಿದರೆ ಎಲೆಯೇ ಇಲ್ಲ, ಬರೀ ಹಸಿರು ಕಡ್ಡಿ, ತುದಿಯಲ್ಲೊಂದು ಚಿಕ್ಕ ತೆನೆ. ಇದರಲ್ಲಿ ಹಲವು ಜಾತಿಗಳಿವೆ. ಒಂದನ್ನು ಇನ್ನೊಂದರಿಂದ ಬೇರ್ಪಡಿಸಲು ಸಾಸಿವೆಗಿಂತ ಸಣ್ಣ ಕಾಯಿಯನ್ನು ಭೂತಗನ್ನಡಿಯಡಿ ಇಟ್ಟು ನೋಡಬೇಕು. ಹೀಗಾಗಿ ಎಲ್ಲಿ, ಯಾವ ದಿನ, ಯಾರು ಕಿತ್ತರು ಎಂಬ ಚೀಟಿಯೊಂದಿಗೆ ಒಣಗಿಸಿಟ್ಟ ಗಿಡವೇ ನಂಬಬಹುದಾದ ದಾಖಲೆ.

ಇಂಥ ಹಾಳೆಗಳಲ್ಲೂ ಕೆಲವು ತೀರಾ ಮುಖ್ಯ. ಹೊಸ ಸಸ್ಯಕ್ಕೆ ಹೆಸರಿಡುವಾಗ ಆಧಾರವಾಗಿ ಬಳಸಿದ ಮಾದರಿಗೆ 'ಟೈಪ್' ಎನ್ನುತ್ತಾರೆ. ಹೆಸರಿನ ಬಗ್ಗೆ ಅನುಮಾನ ಬಂದರೆ ಅಂತಿಮ ಸಾಕ್ಷಿ ಅದೇ. ಇವನ್ನೂ ಉಳಿದ ಹಾಳೆಗಳ ಜತೆಗೇ ಇಡುವುದು ಅಂದಿನ ರೂಢಿ. ಅಲಿಸ್ ಆ ರೂಢಿ ಮುರಿದು, ಅವನ್ನು ಪ್ರತ್ಯೇಕ ಕಪಾಟಿನಲ್ಲಿ ಇಟ್ಟಿದ್ದರು.

ಕಂಬಿ ಹಿಡಿದು ಆರನೇ ಮಹಡಿಗೆ

ಆ ಮುನ್ನೆಚ್ಚರಿಕೆ ಭೂಕಂಪದ ದಿನ ಫಲ ಕೊಟ್ಟಿತು. ಅಕಾಡೆಮಿಯ ಅಮೃತಶಿಲೆಯ ಮೆಟ್ಟಿಲುಗಳು ಕುಸಿದಿದ್ದವು. ಅಲಿಸ್ ಸ್ನೇಹಿತನೊಬ್ಬನ ಜತೆ ಕಬ್ಬಿಣದ ಕಂಬಿ ಹಿಡಿದುಕೊಂಡೇ ಆರನೇ ಮಹಡಿ ತಲುಪಿದರು. ಬೆಂಕಿ ಹತ್ತಿರವಾಗುತ್ತಿತ್ತು. ಎಲ್ಲವನ್ನೂ ಹುಡುಕಿ ಆರಿಸುವಷ್ಟು ಸಮಯವಿರಲಿಲ್ಲ. ಟೈಪ್ ಮಾದರಿಗಳು ಒಂದೆಡೆ ಇದ್ದುದರಿಂದ ಅವನ್ನು ಕಟ್ಟು ಕಟ್ಟಿ ಹಗ್ಗದಲ್ಲಿ ಕೆಳಗಿಳಿಸಿದರು. ಹೀಗೆ ಉಳಿದದ್ದು 1,497 ಮಾದರಿಗಳು. ಉಳಿದ ಸಂಗ್ರಹದ ಬಹುಪಾಲು ಸುಟ್ಟು ಬೂದಿಯಾಯಿತು. ಅಲಿಸ್ ಅವರ ಸ್ವಂತ ಮನೆಯೂ ಬೆಂಕಿಗೆ ಆಹುತಿಯಾಯಿತು.

ಮತ್ತೆ ಸೊನ್ನೆಯಿಂದ

ಮುಂದಿನ ಆರು ವರ್ಷ ಅವರು ಅಮೆರಿಕ ಮತ್ತು ಯುರೋಪಿನ ಸಸ್ಯ ಸಂಗ್ರಹಾಲಯಗಳಲ್ಲಿ ಅಧ್ಯಯನ ನಡೆಸಿದರು. 1912ರಲ್ಲಿ ಅಕಾಡೆಮಿಗೆ ಮರಳಿ, ಬೆಟ್ಟಗುಡ್ಡ ಅಲೆದು ಸಂಗ್ರಹವನ್ನು ಮತ್ತೆ ಕಟ್ಟಿದರು. ಅವರ ದುಡಿಮೆಯಿಂದ ಅಲ್ಲಿಗೆ ಸೇರಿದ ಹಾಳೆಗಳು 3.4 ಲಕ್ಷಕ್ಕೂ ಹೆಚ್ಚು. ನಿವೃತ್ತರಾದಾಗ ಅವರಿಗೆ 90 ವರ್ಷ. ಮರುವರ್ಷ, 1950ರಲ್ಲಿ ಸ್ವೀಡನ್‌ನಲ್ಲಿ ನಡೆದ ಅಂತಾರಾಷ್ಟ್ರೀಯ ಸಸ್ಯವಿಜ್ಞಾನ ಸಮ್ಮೇಳನದ ಗೌರವಾಧ್ಯಕ್ಷೆಯಾದರು. ಸಸ್ಯಗಳಿಗೆ ಹೆಸರಿಡುವ ಪದ್ಧತಿ ರೂಪಿಸಿದ ಲಿನೇಯಸ್‌ನ ಕುರ್ಚಿಯಲ್ಲಿ ಅವರನ್ನು ಕೂರಿಸಲಾಯಿತು. 1953ರ ಅಕ್ಟೋಬರ್ 30ರಂದು ಅವರು ನಿಧನರಾದರು.

ಸಿಯೆರಾ ನೆವಾಡಾದ ಎಷ್ಟೋ ಹುಲ್ಲುಗಾವಲುಗಳು ಅತಿಯಾದ ಮೇವು, ಕೊರಕಲು ಬಿದ್ದ ತೊರೆಗಳಿಂದಾಗಿ ಒಣಗಿವೆ. ಈಗ ಒಣಗಿರುವ ಬಯಲು ಹಿಂದೆ ಒದ್ದೆಯಾಗಿತ್ತೇ? ಅಲ್ಲಿ ಸಿಕ್ಕ ಸ್ಪೈಕ್‌ರಶ್‌ನ ಹಳೆಯ ಹಾಳೆಯೊಂದಿದ್ದರೆ ಉತ್ತರ ಸಿಗುತ್ತದೆ. ಸುಟ್ಟುಹೋದ ಹಾಳೆಯ ಜಾಗದಲ್ಲಿ ಅದೇ ದಿನದ, ಅದೇ ಬಯಲಿನ ಗಿಡವನ್ನು ಮತ್ತೆ ಕಿತ್ತು ತರಲು ಯಾರಿಂದಲೂ ಆಗದು.